ಕರಗುವ ಹಾಳೆಯ ಆಸರೆಯಲ್ಲಿ ಮೂಳೆ: ಮೇಲ್ದವಡೆಯ ಮುಂಭಾಗವನ್ನು ಮತ್ತೆ ಕಟ್ಟಿದ ಒಂದು ಪ್ರಕರಣ

34 ವರ್ಷದ ಶಾಲಾ ಶಿಕ್ಷಕಿ. ಎರಡು ವರ್ಷದ ಹಿಂದೆ ಸ್ಕೂಟರ್ ಜಾರಿ ಬಿದ್ದಾಗ ಮೇಲಿನ ಸಾಲಿನ ಎಡಗಡೆಯ ನಡು ಬಾಚಿಹಲ್ಲು ಅಲ್ಲೇ ಕಿತ್ತುಬಂದಿತ್ತು. ಅದರ ಪಕ್ಕದ ಬಾಚಿಹಲ್ಲಿನ ಬೇರು ಸೀಳಿದ್ದರಿಂದ ಎರಡು ತಿಂಗಳಲ್ಲಿ ಅದನ್ನೂ ತೆಗೆಯಬೇಕಾಯಿತು. ಅಲ್ಲಿಂದ ಇಲ್ಲಿಯವರೆಗೆ ತೆಗೆದು ಹಾಕುವ ಅಕ್ರಿಲಿಕ್ ಹಲ್ಲು. ಪಾಠ ಮಾಡುವಾಗ ಅದು ಸಡಿಲವಾಗುತ್ತದೆ, 'ಸ' ಮತ್ತು 'ಶ' ಜಾರುತ್ತವೆ, ತುಟಿ ಒಳಗೆ ಕುಸಿದಂತೆ ಕಾಣುತ್ತದೆ ಎಂಬುದು ಅವರ ದೂರು. ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ) ಹಾಕಿಸಿಕೊಳ್ಳಲು ಬಂದವರಿಗೆ ಸ್ಕ್ಯಾನ್ ನೋಡಿದ ಮೇಲೆ ಹೇಳಬೇಕಾದ ಮಾತು ಒಂದೇ: ಸ್ಕ್ರೂ ಕೂರಿಸಲು ಅಲ್ಲಿ ಮೂಳೆಯೇ ಇಲ್ಲ, ಮೊದಲು ಮೂಳೆ ಕಟ್ಟಬೇಕು. (ಯಾರ ಗುರುತೂ ಸಿಗಬಾರದೆಂದು ಒಂದೇ ಬಗೆಯ ಹಲವು ರೋಗಿಗಳ ವಿವರಗಳನ್ನು ಸೇರಿಸಿ ಇದನ್ನು ಒಂದು ಮಾದರಿ ಪ್ರಕರಣವಾಗಿ ಬರೆಯಲಾಗಿದೆ. ಅಳತೆ, ಕ್ರಮ, ತೊಡಕುಗಳೆಲ್ಲ ಇಂಥ ರೋಗಿಗಳಲ್ಲಿ ದಿನನಿತ್ಯ ಕಾಣುವಂಥವೇ.)

ಈ ಪ್ರಕರಣಕ್ಕೆ ಇನ್ನೊಂದು ಗಂಟಿತ್ತು. ಅವರದು ಕಟ್ಟಾ ಸಸ್ಯಾಹಾರಿ ಮನೆತನ. ಒಪ್ಪಿಗೆ ಪತ್ರ ಓದಿಸುವಾಗ 'ದನದ ಮೂಳೆಯ ಕಣ, ಹಂದಿಯ ಕೊಲಾಜೆನ್ ಪೊರೆ' ಎಂಬ ಸಾಲು ಬಂದ ಕೂಡಲೇ ಅವರು ಬೇಡವೆಂದರು. ಇದನ್ನು ಹಟವೆಂದು ತಳ್ಳಿಹಾಕುವಂತಿಲ್ಲ. ಬಯೋ-ಆಸ್ ಎಂಬ ಮೂಳೆಕಣ ದನದ ಮೂಳೆಯಿಂದ ಮಾಡಿದ್ದು, ಅದರ ಮೇಲೆ ಹೊದಿಸುವ ಬಯೋ-ಗೈಡ್ ಪೊರೆ ಹಂದಿಯ ಕೊಲಾಜೆನ್ ಎಂಬ ಪ್ರೋಟೀನಿನದು. ಹಲ್ಲಿನ ಚಿಕಿತ್ಸೆಯಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಜೋಡಿಯೇ ಇದು. ಆದರೂ ಎಷ್ಟೋ ಕಡೆ ಇದನ್ನು ಬಾಯಿಬಿಟ್ಟು ಹೇಳದೆ 'ಮೂಳೆ ಪುಡಿ ಹಾಕ್ತೀವಿ' ಎಂದಷ್ಟೇ ಹೇಳಿ ಮುಗಿಸುತ್ತಾರೆ. ನಮ್ಮ ನಾಡಿನಲ್ಲಿ ಸಸ್ಯಾಹಾರಿಗಳಿಗೆ ಒಂದು ಕಾರಣಕ್ಕೆ, ಮುಸ್ಲಿಮರಿಗೆ ಇನ್ನೊಂದು ಕಾರಣಕ್ಕೆ ಇದು ಮುಖ್ಯ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ತಿಳಿದರೆ ಗಾಯ ಮಾಯಬಹುದು, ನಂಬಿಕೆ ಮಾಯದು.

ಸ್ಕ್ಯಾನ್ ಹೇಳಿದ್ದು

ಕೋನ್ ಬೀಮ್ ಸಿ.ಟಿ.ಯಲ್ಲಿ (ದವಡೆಯ ಮೂರು ಆಯಾಮದ ಎಕ್ಸ್‌ರೇ) ನಡು ಬಾಚಿಹಲ್ಲಿದ್ದ ಜಾಗದಲ್ಲಿ (ದಂತವೈದ್ಯರ ಎಣಿಕೆಯಲ್ಲಿ 21ನೇ ಹಲ್ಲು) ದಿಂಡಿನ, ಅಂದರೆ ಹಲ್ಲು ಕೂರುವ ಮೂಳೆಯ ಏಣಿನ ಅಗಲ ತುದಿಯಲ್ಲಿ 2.9 ಮಿ.ಮೀ., 3 ಮಿ.ಮೀ. ಮೇಲೆ 3.4, 6 ಮಿ.ಮೀ. ಮೇಲೆ 4.6. ಪಕ್ಕದ ಜಾಗದಲ್ಲಿ (22) ಕ್ರಮವಾಗಿ 2.6, 3.1, 4.2. ಮೂಗಿನ ತಳದವರೆಗೆ ಎತ್ತರ 17 ಮಿ.ಮೀ. ಇತ್ತು, ಅಂದರೆ ಎತ್ತರಕ್ಕೆ ಕೊರತೆಯಿಲ್ಲ. ಇಳಿದಿದ್ದು 1 ಮಿ.ಮೀ.ನಷ್ಟು ಮಾತ್ರ. ಹೋಗಿದ್ದೆಲ್ಲ ಅಗಲ, ಅದೂ ತುಟಿಯ ಕಡೆಯದು.

ಹೀಗಾಗಲು ಕಾರಣವಿದೆ. ಮೇಲಿನ ಮುಂದಿನ ಹಲ್ಲುಗಳ ತುಟಿ ಕಡೆಯ ಮೂಳೆಗೋಡೆ ಸಾಮಾನ್ಯವಾಗಿ 1 ಮಿ.ಮೀ.ಗಿಂತಲೂ ತೆಳು. ಅದರ ಬಹುಪಾಲು ಬದುಕಿರುವುದೇ ಹಲ್ಲಿನ ಬೇರನ್ನು ಹಿಡಿದ ನಾರುಗಳ ಜೊತೆ. ಹಲ್ಲು ಹೋದರೆ ಆ ಗೋಡೆಗೆ ಕೆಲಸವಿಲ್ಲ, ಕೆಲವೇ ತಿಂಗಳಲ್ಲಿ ಕರಗುತ್ತದೆ. ಇಲ್ಲಿ ಹಲ್ಲು ಬೀಳುವಾಗಲೇ ಗೋಡೆಯ ಒಂದಿಷ್ಟು ಭಾಗ ಮುರಿದಿತ್ತು. ಉಳಿದಿದ್ದನ್ನು ತೆಗೆದು ಹಾಕುವ ಹಲ್ಲು ಒತ್ತಿ ಒತ್ತಿ ತೆಳು ಮಾಡಿತ್ತು.

3.75 ಮಿ.ಮೀ. ದಪ್ಪದ ಇಂಪ್ಲಾಂಟಿಗೆ ತುಟಿ ಕಡೆ ಕನಿಷ್ಠ 1.5ರಿಂದ 2 ಮಿ.ಮೀ., ಅಂಗುಳದ ಕಡೆ 1 ಮಿ.ಮೀ. ಮೂಳೆ ಬೇಕು. ಕೂಡಿಸಿದರೆ 6.25ರಿಂದ 6.75 ಮಿ.ಮೀ. ಇರುವುದು ಮೂರು. ತುಂಬಬೇಕಾದ ಜಾಗದ ಲೆಕ್ಕ ಹೀಗೆ: ಉದ್ದ 14 ಮಿ.ಮೀ., ಎತ್ತರ 10, ಸರಾಸರಿ ದಪ್ಪ 4. ಒಟ್ಟು 560 ಘನ ಮಿ.ಮೀ., ಅಂದರೆ 0.56 ಸಿ.ಸಿ. ತುಂಬಿದ ಕಣಗಳು ಒತ್ತಿದಾಗ ಕುಗ್ಗುತ್ತವೆ, ಮಾಯುವಾಗ ಅಂಚು ಸವೆಯುತ್ತದೆ. ಹಾಗಾಗಿ ಇದರ ಎರಡರಷ್ಟು, ಅಂದರೆ 1.1 ಸಿ.ಸಿ. ಸಾಮಗ್ರಿ ಕೈಯಲ್ಲಿರಬೇಕು. ಈ ಲೆಕ್ಕವನ್ನು ಮೊದಲೇ ಮಾಡದವರು ಶಸ್ತ್ರಚಿಕಿತ್ಸೆಯ ನಡುವೆ ಇನ್ನೊಂದು ಸೀಸೆ ಒಡೆಯುತ್ತಾರೆ, ಇಲ್ಲವೇ ಇದ್ದಷ್ಟರಲ್ಲೇ ಹರಡಿ ತೆಳ್ಳಗೆ ಮುಗಿಸುತ್ತಾರೆ.

ಎರಡು ಹಲ್ಲು ಹೋಗಿವೆ ಎಂದ ಮಾತ್ರಕ್ಕೆ ಎರಡು ಇಂಪ್ಲಾಂಟ್ ಬೇಕಿಲ್ಲ. ಪಕ್ಕಪಕ್ಕದ ಎರಡು ಇಂಪ್ಲಾಂಟುಗಳ ನಡುವೆ 3 ಮಿ.ಮೀ. ಮೂಳೆ ಬಿಡಬೇಕು. ಬಿಟ್ಟರೂ ನಡುವಿನ ಒಸಡಿನ ಮೊನೆ ಮೊಂಡಾಗಿ, ನಗುವಾಗ ಅಲ್ಲೊಂದು ಕಪ್ಪು ಸಂದು ಕಾಣುತ್ತದೆ. ಹಾಗಾಗಿ 21ರಲ್ಲಿ ಒಂದೇ ಇಂಪ್ಲಾಂಟ್, ಅದರಿಂದ ಹೊರಚಾಚಿದ ಹಲ್ಲಾಗಿ 22 ಎಂಬುದು ಯೋಜನೆ. ಆದರೂ 22ರ ಜಾಗದಲ್ಲಿ ಮೂಳೆ ಕಟ್ಟಲೇಬೇಕು. ಕಟ್ಟದಿದ್ದರೆ ಒಸಡು ಕುಳಿಬಿದ್ದು ಹಲ್ಲು ಗಾಳಿಯಲ್ಲಿ ತೂಗುವಂತೆ ಕಾಣುತ್ತದೆ.

ಯಾವ ಸಾಮಗ್ರಿ, ಏಕೆ

ಪ್ರಾಣಿಜನ್ಯ ವಸ್ತುವೂ ಬೇರೆಯವರ ಮೂಳೆಯೂ ಬೇಡವೆಂದರೆ ಉಳಿಯುವುದು ಮೂರು: ರೋಗಿಯದೇ ಮೂಳೆ, ರೋಗಿಯದೇ ರಕ್ತ, ಮತ್ತು ಪ್ರಯೋಗಾಲಯದಲ್ಲಿ ತಯಾರಾದ ಖನಿಜ ಹಾಗೂ ಪಾಲಿಮರ್.

ಮೂಳೆಗೆ: ಕೆಳದವಡೆಯ ಹಿಂಭಾಗದಿಂದ ಕೆರೆದು ತೆಗೆದ ಸ್ವಂತ ಮೂಳೆಚೂರು ಅರ್ಧ, ಹೈಡ್ರಾಕ್ಸಿಅಪಟೈಟ್ ಮತ್ತು ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಎರಡು ಕ್ಯಾಲ್ಸಿಯಂ ಖನಿಜಗಳು 60:40 ಪ್ರಮಾಣದಲ್ಲಿರುವ ಕೃತಕ ಕಣ ಅರ್ಧ. ಕಣದ ಗಾತ್ರ 0.5ರಿಂದ 1 ಮಿ.ಮೀ. ಸ್ವಂತ ಮೂಳೆಯಲ್ಲಿ ಜೀವಕೋಶ ಮತ್ತು ಬೆಳವಣಿಗೆಯ ಪ್ರೋಟೀನುಗಳಿವೆ, ಆದರೆ ಅದೊಂದನ್ನೇ ತುಂಬಿದರೆ ಬೇಗ ಕರಗಿ ಗಾತ್ರ ಇಳಿಯುತ್ತದೆ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ತಿಂಗಳುಗಳಲ್ಲಿ ಕರಗಿ ಹೊಸ ಮೂಳೆಗೆ ಜಾಗ ಬಿಡುತ್ತದೆ. ಹೈಡ್ರಾಕ್ಸಿಅಪಟೈಟ್ ವರ್ಷಗಟ್ಟಲೆ ಕೂತು ಗಾತ್ರ ಕಾಯುತ್ತದೆ. 0.25 ಮಿ.ಮೀ.ಗಿಂತ ಸಣ್ಣ ಪುಡಿ ಬೇಡ. ಕಣಗಳ ನಡುವೆ ರಕ್ತನಾಳ ನುಸುಳಲು ಸಂದು ಉಳಿಯುವುದಿಲ್ಲ.

ಆಸರೆಗೆ: ಪಾಲಿ ಡಿ-ಎಲ್ ಲ್ಯಾಕ್ಟೈಡ್, ಅಂದರೆ ಪಿ.ಡಿ.ಎಲ್.ಎಲ್.ಎ. ಎಂಬ ಕರಗುವ ಪಾಲಿಮರಿನ 0.1 ಮಿ.ಮೀ. ದಪ್ಪದ ಹಾಳೆ, ಅದೇ ವಸ್ತುವಿನ 1.6 ಮಿ.ಮೀ. ಪಿನ್ನುಗಳು. ಪಿನ್ನಿಗೆ ಸ್ಕ್ರೂವಿನಂಥ ತಿರುಪು ಇರುವುದಿಲ್ಲ. ಶ್ರವಣಾತೀತ ಕಂಪನದಿಂದ ಅದರ ಮೈ ಕರಗಿ ಮೂಳೆಯ ರಂಧ್ರಗಳೊಳಗೆ ಹರಿದು ಅಲ್ಲೇ ಗಟ್ಟಿಯಾಗುತ್ತದೆ, ತಲೆಯ ಭಾಗ ಹಾಳೆಗೆ ಬೆಸೆಯುತ್ತದೆ. ಜರ್ಮನಿಯ ಕೆ.ಎಲ್.ಎಸ್. ಮಾರ್ಟಿನ್ ಇದನ್ನು ಸೋನಿಕ್‌ವೆಲ್ಡ್ ಹೆಸರಿನಲ್ಲಿ ಮಾರುತ್ತದೆ.

ಮನೆಗೆ ಆರ್‌ಸಿಸಿ ಹಾಕುವಾಗ ಸೆಂಟ್ರಿಂಗ್ ಹಲಗೆ ಮಾಡುವ ಕೆಲಸವನ್ನೇ ಈ ಹಾಳೆ ಮಾಡುತ್ತದೆ: ಒಳಗಿನದು ಗಟ್ಟಿಯಾಗುವವರೆಗೆ ಆಕಾರ ಹಿಡಿದಿರಬೇಕು, ಆಮೇಲೆ ಇರಬಾರದು. ಇಲ್ಲಿ ಹಲಗೆ ತಾನೇ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಅದು ಯಾವಾಗ ಬಿಚ್ಚಿಕೊಳ್ಳುತ್ತದೆ ಎಂಬುದೇ ಇಡೀ ಪ್ರಕರಣದ ಕೀಲಿ. 'ಕರಗುತ್ತದೆ' ಎಂದಾಗ ಎರಡು ಬೇರೆ ಬೇರೆ ಸಂಗತಿಗಳನ್ನು ಒಟ್ಟಿಗೆ ಹೇಳುತ್ತಿದ್ದೇವೆ. ನೀರು ಪಾಲಿಮರಿನ ಸರಪಣಿಗಳನ್ನು ತುಂಡರಿಸುತ್ತಾ ಹೋದಾಗ ಮೊದಲು ಹೋಗುವುದು ಬಲ, ಎಷ್ಟೋ ತಿಂಗಳ ನಂತರ ಹೋಗುವುದು ವಸ್ತು. ಪಿ.ಡಿ.ಎಲ್.ಎಲ್.ಎ. ಹಾಳೆ ಸುಮಾರು 8ರಿಂದ 10 ವಾರ ಬಿಗಿಯಾಗಿರುತ್ತದೆ. ಪೂರ್ತಿ ಮಾಯವಾಗಲು ಒಂದರಿಂದ ಎರಡೂವರೆ ವರ್ಷ ಹಿಡಿಯಬಹುದು. ಕೊನೆಗೆ ಲ್ಯಾಕ್ಟಿಕ್ ಆಮ್ಲವಾಗಿ, ಅಲ್ಲಿಂದ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ದೇಹದಿಂದ ಹೊರಹೋಗುತ್ತದೆ. ಮೂಳೆಯ ಕಡೆಯಿಂದ ನೋಡಿದರೆ ಹತ್ತು ವಾರದ ಹೊತ್ತಿಗೆ ಎಳೆಯ ಮೂಳೆ ಕಣಗಳನ್ನು ಒಂದಕ್ಕೊಂದು ಕಟ್ಟಿಹಾಕಿರುತ್ತದೆ. ಇಂಪ್ಲಾಂಟ್ ಹೊರುವ ಶಕ್ತಿ ಬಂದಿರುವುದಿಲ್ಲ, ತನ್ನ ಆಕಾರ ತಾನು ಹಿಡಿದುಕೊಳ್ಳುವಷ್ಟು ಬಂದಿರುತ್ತದೆ. ಎರಡೂ ಗಡುವು ಹೊಂದುವುದು ಹೀಗೆ, ಅದೂ ಅಂಚಿಗೆ ಅಂಚು. ನಾಲ್ಕನೇ ವಾರ ಸೋಂಕಾಗಿ ಮೂಳೆ ಹಿಂದೆ ಬಿದ್ದರೆ ಹಾಳೆ ಅದಕ್ಕಾಗಿ ಕಾಯುವುದಿಲ್ಲ.

ಇನ್ನೂ ಗಟ್ಟಿ ವಸ್ತು ಹಾಕಬಾರದೇ ಎಂದರೆ, ಶುದ್ಧ ಪಾಲಿ ಎಲ್-ಲ್ಯಾಕ್ಟೈಡ್ ಗಟ್ಟಿಯೇ. ಆದರೆ ಅದು ಹರಳುಗಟ್ಟುವ ಪಾಲಿಮರ್, ವರ್ಷಗಟ್ಟಲೆ ಕರಗುವುದಿಲ್ಲ. ನೆದರ್‌ಲ್ಯಾಂಡ್ಸಿನ ಗ್ರೋನಿಂಗೆನ್‌ನಲ್ಲಿ ಕೆನ್ನೆಮೂಳೆಯ ಮುರಿತಕ್ಕೆ ಅದರ ಫಲಕ ಹಾಕಿಸಿಕೊಂಡ ಕೆಲವರು ಮೂರು ವರ್ಷದ ನಂತರ ಅದೇ ಜಾಗ ಊದಿಕೊಂಡು ಮರಳಿ ಬಂದರು. ಒಳಗೆ ಹರಳಿನ ಚೂರುಗಳು ಉಳಿದಿದ್ದವು. 1990ರ ದಶಕದ ಆ ವರದಿಗಳ ನಂತರ ಹರಳುಗಟ್ಟದ ಪಿ.ಡಿ.ಎಲ್.ಎಲ್.ಎ. ಮತ್ತು ಗ್ಲೈಕೋಲೈಡ್ ಬೆರೆಸಿದ ಪಾಲಿಮರುಗಳ ಕಡೆ ಒಲವು ಹೆಚ್ಚಿತು. ಟೈಟಾನಿಯಂ ಜಾಲರಿ ಬಲದಲ್ಲಿ ಎಲ್ಲಕ್ಕಿಂತ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಸಡು ತೆಳುವಾಗಿದ್ದರೆ ಅದು ಹೊರಗೆ ಇಣುಕುತ್ತದೆ, ತೆಗೆಯಲು ಮತ್ತೆ ಅಷ್ಟೇ ದೊಡ್ಡದಾಗಿ ಒಸಡು ಬಿಡಿಸಬೇಕು. ಅಗಲ ಮಾತ್ರ ಕಟ್ಟಬೇಕಾದ ಇಂಥ ಜಾಗಕ್ಕೆ ಕರಗುವ ಹಾಳೆ ಸಾಕು. 4 ಮಿ.ಮೀ.ಗಿಂತ ಹೆಚ್ಚು ಎತ್ತರ ಕಟ್ಟಬೇಕಾದಲ್ಲಿ ಇದನ್ನು ನೆಚ್ಚಬಾರದು. ಗೆಡ್ಡೆ ತೆಗೆದ ಮೇಲೆ 6 ಸೆಂ.ಮೀ. ದವಡೆಯೇ ಇಲ್ಲದಿದ್ದರೆ, ಅಥವಾ ಆ ಭಾಗಕ್ಕೆ ರೇಡಿಯೇಷನ್ ಆಗಿದ್ದರೆ, ಕಣ ತುಂಬುವ ಮಾತೇ ಬೇಡ. ಕಾಲಿನ ಫಿಬ್ಯುಲಾ ಮೂಳೆಯನ್ನು ರಕ್ತನಾಳ ಸಮೇತ ತಂದು ಜೋಡಿಸಬೇಕು.

ಪ್ರಾಣಿಜನ್ಯ ಬೇಡವೆಂಬ ನಿಯಮ ಮೂಳೆಗೆ ಮಾತ್ರ ನಿಲ್ಲುವುದಿಲ್ಲ. ರಕ್ತ ನಿಲ್ಲಿಸುವ ಸ್ಪಂಜು ಬಹುಪಾಲು ಹಂದಿಯ ಜೆಲಟಿನ್ನಿನದು, ಅದರ ಬದಲು ಸಸ್ಯಮೂಲದ ಆಕ್ಸಿಡೈಸ್ಡ್ ಸೆಲ್ಯುಲೋಸ್ ಇಡಲಾಯಿತು. ಕ್ಯಾಟ್‌ಗಟ್ ದಾರ ಪ್ರಾಣಿಯ ಕರುಳಿನದು, ಅದರ ಬದಲು ಪಿ.ಟಿ.ಎಫ್.ಇ. ಎಂಬ ಕೃತಕ ದಾರ. ಎಲ್ಲರೂ ಮರೆಯುವುದು ಕೊನೆಯದನ್ನು: ಅಮಾಕ್ಸಿಸಿಲಿನ್ ಕ್ಯಾಪ್ಸೂಲಿನ ಹೊರಕವಚವೂ ಜೆಲಟಿನ್ನೇ. ಅದೇ ಔಷಧ ನೀರಿನಲ್ಲಿ ಕದಡುವ ಮಾತ್ರೆಯಾಗಿ ಸಿಗುತ್ತದೆ, ಚೀಟಿಯಲ್ಲಿ ಅದನ್ನೇ ಸ್ಪಷ್ಟವಾಗಿ ಬರೆಯಬೇಕು.

ಹಾಳೆಯ ಸಾಗಣೆಯ ಬಗ್ಗೆಯೂ ಒಂದು ಮಾತು. ಈ ಪಾಲಿಮರ್ 55ರಿಂದ 60 ಡಿಗ್ರಿಯ ಆಸುಪಾಸಿನಲ್ಲಿ ಮೆದುವಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ರಾಯಚೂರು, ಕಲಬುರಗಿ ಕಡೆ ಮುಚ್ಚಿದ ವಾಹನದಲ್ಲಿ ಇಡೀ ಮಧ್ಯಾಹ್ನ ಕಳೆದ ಪಾರ್ಸಲ್ ಬಂದರೆ ಪೊಟ್ಟಣ ಒಡೆಯುವ ಮುನ್ನ ನೋಡಿ: ಹಾಳೆ ಮುರುಟಿದ್ದರೆ ವಾಪಸು ಕಳಿಸಿ. ಉಳಿದ ತುಂಡನ್ನು ಆಟೋಕ್ಲೇವ್ ಮಾಡಿ (ಬಿಸಿ ಹಬೆಯಲ್ಲಿ ಕ್ರಿಮಿ ಕೊಂದು) ಮುಂದಿನ ರೋಗಿಗೆ ಎಂಬ ಉಳಿತಾಯವೂ ಇಲ್ಲಿ ನಡೆಯದು. 121 ಡಿಗ್ರಿಯಲ್ಲಿ ಅದು ಉಂಡೆಯಾಗುತ್ತದೆ.

ಶಸ್ತ್ರಚಿಕಿತ್ಸೆ

ರಕ್ತದೊತ್ತಡ ಸರಿಯಿತ್ತು, ಕಳೆದ ಮೂರು ತಿಂಗಳ ಸಕ್ಕರೆಯ ಮಟ್ಟ ತೋರುವ ಎಚ್‌ಬಿಎ1ಸಿ 5.6. ಬೀಡಿ, ಸಿಗರೇಟು, ಗುಟ್ಕಾ ಯಾವುದೂ ಇಲ್ಲ. ಇದ್ದಿದ್ದರೆ ನಾಲ್ಕು ವಾರ ಮೊದಲೇ ಬಿಡಿಸಬೇಕಿತ್ತು, ಬಿಡದವರಿಗೆ ಇದನ್ನು ಮಾಡಬಾರದು. ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ, ಊತ ತಗ್ಗಿಸಲು ಡೆಕ್ಸಾಮೆಥಾಸೋನ್ 8 ಮಿ.ಗ್ರಾಂ. ಕ್ಲೋರ್‌ಹೆಕ್ಸಿಡಿನ್ 0.2 ಶೇಕಡಾ ದ್ರಾವಣದಲ್ಲಿ ಒಂದು ನಿಮಿಷ ಬಾಯಿ ಮುಕ್ಕಳಿಕೆ. ಅರಿವಳಿಕೆಗೆ 2 ಶೇಕಡಾ ಲಿಗ್ನೋಕೇಯ್ನ್, 1:80,000 ಅಡ್ರಿನಲಿನ್ ಜೊತೆ. ತೂಕ 58 ಕೆ.ಜಿ., ಕಿಲೋಗೆ 7 ಮಿ.ಗ್ರಾಂ. ಮಿತಿಯ ಪ್ರಕಾರ 20 ಮಿ.ಲೀ. ದಾಟಬಾರದು. ಎರಡೂ ಜಾಗಕ್ಕೆ ಸೇರಿ 9 ಮಿ.ಲೀ. ಸಾಕಾಯಿತು.

ಮೊದಲು ರೋಗಿಯದೇ ರಕ್ತ ತೆಗೆಯುವುದು. ಆರು ಕೊಳವೆ, ತಲಾ 10 ಮಿ.ಲೀ. ನಾಲ್ಕು ಗಾಜಿನವು ಗಟ್ಟಿ ಫೈಬ್ರಿನ್ನಿಗೆ (ಪಿ.ಆರ್.ಎಫ್., ಅಂದರೆ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸಿದ, ಪ್ಲೇಟ್‌ಲೆಟ್ ತುಂಬಿದ ಹೆಪ್ಪು), ಎರಡು ಪ್ಲಾಸ್ಟಿಕ್ಕಿನವು ದ್ರವರೂಪದ್ದಕ್ಕೆ. ಯಾವುದರಲ್ಲೂ ಹೆಪ್ಪುತಡೆ ಇರಬಾರದು. ಸೂಜಿ ಚುಚ್ಚಿದ ಒಂದೆರಡು ನಿಮಿಷದಲ್ಲಿ ಕೊಳವೆ ಯಂತ್ರದಲ್ಲಿ ತಿರುಗುತ್ತಿರಬೇಕು. ಗಟ್ಟಿಯದಕ್ಕೆ ಸುಮಾರು 400 ಜಿ (ಭೂಮಿಯ ಸೆಳೆತದ 400 ಪಟ್ಟು) ಬಲದಲ್ಲಿ 12 ನಿಮಿಷ, ದ್ರವಕ್ಕೆ 60 ಜಿ ಬಲದಲ್ಲಿ 3 ನಿಮಿಷ. ಫ್ರಾನ್ಸಿನ ಜೋಸೆಫ್ ಶುಕ್ರೂನ್ 2001ರಲ್ಲಿ ಪರಿಚಯಿಸಿದ ಈ ವಿಧಾನದ ಬಗ್ಗೆ ಓದುವಾಗ 'ನಿಮಿಷಕ್ಕೆ 2700 ಸುತ್ತು' ಎಂಬ ಅಂಕಿ ಪದೇ ಪದೇ ಸಿಗುತ್ತದೆ. ಅದನ್ನು ತಮ್ಮ ಯಂತ್ರಕ್ಕೆ ಹಾಗೇ ಹಾಕುವವರೇ ಹೆಚ್ಚು. ಯಂತ್ರದ ತ್ರಿಜ್ಯ ಬೇರೆಯಾದರೆ ಅದೇ ಸುತ್ತಿಗೆ ಬಲವೂ ಬೇರೆ, ಬರುವ ಹೆಪ್ಪೂ ಬೇರೆ. ಪಿ.ಆರ್.ಎಫ್. ಪೊರೆಯನ್ನು ಕೊಲಾಜೆನ್ ಪೊರೆಗೆ ಸಾಟಿ ಎಂದು ಎಣಿಸಬಾರದು. ಅದು ಎರಡು ವಾರದ ಆಸುಪಾಸಿನಲ್ಲೇ ಕರಗುತ್ತದೆ. ಒಸಡು ಬೇಗ ಮಾಯಲು ನೆರವಾಗುತ್ತದೆ ಅಷ್ಟೆ, ತಡೆಗೋಡೆಯ ಕೆಲಸ ಇಲ್ಲಿ ಪಿ.ಡಿ.ಎಲ್.ಎಲ್.ಎ. ಹಾಳೆಯದು.

ಮೂಳೆ ತೆಗೆದದ್ದು ಬಲಗಡೆಯ ಕೆಳದವಡೆಯ ಹಿಂಭಾಗದಿಂದ, ಕೊನೆಯ ದವಡೆಹಲ್ಲಿನ ಹೊರಗಡೆ ಇಳಿಜಾರಾಗಿ ಏರುವ ದಿಂಡಿನಿಂದ. ಗದ್ದದಿಂದ ತೆಗೆಯುವುದು ಸುಲಭ, ಆದರೆ ಕೆಳಗಿನ ಮುಂದಿನ ಹಲ್ಲುಗಳು ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತವೆ. ಕೈಯಿಂದ ಎಳೆಯುವ ಮೂಳೆ ಕೆರೆಯುವ ಸಾಧನದಲ್ಲಿ ಉದ್ದುದ್ದ ಎಳೆದಾಗ ಸುರುಳಿ ಸುರುಳಿಯಾಗಿ ಚೂರು ಬರುತ್ತದೆ, ಸಾಧನದ ಹೊಟ್ಟೆಯಲ್ಲೇ ರಕ್ತದೊಂದಿಗೆ ಕಲೆಯುತ್ತದೆ. 0.6 ಸಿ.ಸಿ. ಸಿಕ್ಕಿತು. ಇದನ್ನು ಒಣಗಲು ಬಿಡಬಾರದು. ಮೇಲಿನ ದೀಪದ ಕಾವಿಗೆ ಸ್ಟೀಲ್ ಬಟ್ಟಲಲ್ಲಿ ಬಿಟ್ಟ ಚೂರಿನ ಜೀವಕೋಶಗಳು ಸಾಯುತ್ತವೆ. ಆಮೇಲೆ ಅದಕ್ಕೂ ಅಂಗಡಿಯ ಕಣಕ್ಕೂ ವ್ಯತ್ಯಾಸವಿರದು. 0.5 ಸಿ.ಸಿ. ಕೃತಕ ಕಣ, ಸಣ್ಣಗೆ ಕತ್ತರಿಸಿದ ಒಂದು ಪಿ.ಆರ್.ಎಫ್. ತುಂಡು, ಮೇಲೆ ದ್ರವರೂಪದ ಫೈಬ್ರಿನ್ ಸೇರಿಸಿ ಕಲಸಿಟ್ಟರೆ ಹತ್ತು ಹದಿನೈದು ನಿಮಿಷದಲ್ಲಿ ಇಡೀ ಮುದ್ದೆ ಒಂದಾಗಿ ಅಂಟಿಕೊಂಡು ಚಿಮಟದಲ್ಲಿ ಎತ್ತುವಂತಾಗುತ್ತದೆ.

ಮೇಲ್ದವಡೆಯಲ್ಲಿ ದಿಂಡಿನ ನೆತ್ತಿಯ ಮೇಲೆ ಗೀರಿ, ಪಕ್ಕದ ಹಲ್ಲುಗಳ ಕತ್ತಿನ ಸುತ್ತ ಮುಂದುವರಿಸಿ, ಒಂದು ಹಲ್ಲು ದಾಟಿದ ಮೇಲೆ ಲಂಬ ಗೀರು. ಮೂಳೆ ತೋರಿದ ಮೇಲೆ ಅದಕ್ಕಂಟಿದ ಮೃದು ಎಳೆಗಳನ್ನೆಲ್ಲ ಕೆರೆದು, 1 ಮಿ.ಮೀ. ಬರ್‌ನಿಂದ (ಕೊರೆಯುವ ಮೊನೆ) ಹನ್ನೆರಡು ಸಣ್ಣ ರಂಧ್ರ, ಪ್ರತಿಯೊಂದರಿಂದಲೂ ರಕ್ತ ಒಸರುವವರೆಗೆ. ಇದನ್ನು ಶಾಸ್ತ್ರಕ್ಕೆ ಮಾಡಿ ಮುಗಿಸುವವರಿದ್ದಾರೆ. ರಂಧ್ರವಿಲ್ಲದ ಹಾಳೆ ಒಸಡಿನ ಕಡೆಯಿಂದ ರಕ್ತ ಬರುವ ದಾರಿಯನ್ನು ಪೂರ್ತಿ ಮುಚ್ಚುತ್ತದೆ. ಹಾಗಾಗಿ ಒಳಗಿನ ಕಣಗಳಿಗೆ ಅನ್ನ ನೀರು ಬರುವುದು ಈ ರಂಧ್ರಗಳಿಂದ ಮಾತ್ರ. ಕಟ್ಟುವ ದಪ್ಪ 4–5 ಮಿ.ಮೀ. ಮೀರಬಾರದೆನ್ನುವುದೂ ಇದೇ ಕಾರಣಕ್ಕೆ.

ಹಾಳೆಯ ಅಳತೆಗೆ ಹೊಲಿಗೆ ದಾರದ ಪೊಟ್ಟಣದ ಒಳಗಿನ ಅಲ್ಯೂಮಿನಿಯಂ ಕಾಗದವನ್ನು ಕತ್ತರಿಸಿ ಜಾಗದಲ್ಲಿಟ್ಟು ನೋಡುವುದು ಹಳೆಯ ಉಪಾಯ, ಇಂದಿಗೂ ಒಳ್ಳೆಯದೇ. ಬಂದ ಅಳತೆ 15 ಮಿ.ಮೀ. ಅಗಲ, 17 ಉದ್ದ. ಎರಡೂ ಬದಿಯಲ್ಲಿ ಪಕ್ಕದ ಹಲ್ಲಿನ ಬೇರಿನಿಂದ 1 ಮಿ.ಮೀ. ದೂರ. ಹಾಳೆ ಹಲ್ಲಿಗೆ ತಾಗಿದರೆ ಬಾಯಿಯ ಬ್ಯಾಕ್ಟೀರಿಯಾ ಆ ಸಂದಿನಲ್ಲೇ ಒಳಗಿಳಿಯುತ್ತವೆ. ನಾಲ್ಕು ಮೂಲೆಯನ್ನೂ ದುಂಡಗೆ ಕತ್ತರಿಸಬೇಕು. ಬಿಸಿನೀರಿನ ತೊಟ್ಟಿಯಲ್ಲಿ ಕೆಲವು ಸೆಕೆಂಡು ಅದ್ದಿ, ಮೂಳೆಯ ಮೇಲೆ ಬೆರಳಲ್ಲಿ ಒತ್ತಿ ಬಾಗಿಸಿದರೆ ತಣಿದಂತೆ ಆಕಾರ ನಿಲ್ಲುತ್ತದೆ. ತೃಪ್ತಿಯಾಗದಿದ್ದರೆ ಮತ್ತೆ ಅದ್ದಬಹುದು, ಆದರೆ ಹೆಚ್ಚು ಹೊತ್ತು ಬಿಟ್ಟರೆ ಹಾಳೆ ಸುರುಟಿಕೊಂಡು ಅಳತೆಯೇ ಕೆಡುತ್ತದೆ.

ಪಿನ್ನುಗಳು ನಾಲ್ಕು. ತುಟಿ ಕಡೆ ಮೇಲ್ಭಾಗದಲ್ಲಿ ಮೂರು: ಒಂದು ಮೂಗಿನ ಬುಡದ ನಡುವೆ ಚಾಚಿರುವ ಮೂಳೆಮೊನೆಯ ಹತ್ತಿರದ ದಪ್ಪ ಮೂಳೆಯಲ್ಲಿ, ಒಂದು ನಡುವೆ, ಒಂದು ಕೋರೆಹಲ್ಲಿನ ಬೇರಿನಿಂದ 3 ಮಿ.ಮೀ. ಒಳಗೆ. ಕೋರೆಹಲ್ಲಿನ ಬೇರು ಎಲ್ಲ ಹಲ್ಲಿಗಿಂತ ಉದ್ದ, ಅಂದಾಜಿನಲ್ಲಿ ಕೊರೆಯುವಂತಿಲ್ಲ, ಸ್ಕ್ಯಾನಿನಲ್ಲಿ ಅಳೆದೇ ಕೊರೆಯಬೇಕು. ಕಿಟ್ಟಿನಲ್ಲಿ ಬಂದ ಡ್ರಿಲ್ಲಿನಿಂದಲೇ ಪಿನ್ನಿಗಿಂತ ಸಣ್ಣ ರಂಧ್ರ, ನೀರು ಹಾಯಿಸುತ್ತಾ. ಕಂಪನದ ತುದಿಯನ್ನು ರಂಧ್ರದ ನೇರಕ್ಕೆ ಹಿಡಿದು ಮೆಲ್ಲನೆ ಒತ್ತಿದರೆ ಪಿನ್ ಬೆಣ್ಣೆಯಂತೆ ಇಳಿಯುವುದು ಕೈಗೆ ತಿಳಿಯುತ್ತದೆ. ಓರೆಯಾದರೆ ಪಿನ್ ಅರ್ಧದಲ್ಲೇ ಮುರಿಯುತ್ತದೆ. ಅವಸರದಲ್ಲಿ ಜೋರಾಗಿ ಒತ್ತಿದರೆ ತಲೆಯೇ ಕರಗಿ ಹೋಗಿ ಒಳಗೆ ಹಿಡಿತವಿರದು. ಸಂದಿಲ್ಲದ ಗಟ್ಟಿ ಮೂಳೆಯಲ್ಲಿ ಕರಗಿದ್ದು ಹರಿಯಲು ಜಾಗವಿಲ್ಲದೆ ಪಿನ್ ಆಮೇಲೆ ಕಿತ್ತುಬರುತ್ತದೆ. ಅಲ್ಲಿ ಬೇರೆ ಜಾಗ ಹುಡುಕುವುದೇ ಲೇಸು. ಮೂರು ಪಿನ್ ಕೂತ ಮೇಲೆ ಹಾಳೆ ಮೂಳೆಯಿಂದ 4 ಮಿ.ಮೀ. ಮುಂದೆ ಗೋಡೆಯಂತೆ ನಿಂತಿತು. ಆ ಸಂದಿನಲ್ಲಿ ಮೂಳೆಯ ಮುದ್ದೆಯನ್ನು ತುಂಬಿ, ಕೆಳ ಅಂಚನ್ನು ದಿಂಡಿನ ಮೇಲಿಂದ ಅಂಗುಳದ ಕಡೆ ಮಡಚಿ ನಾಲ್ಕನೇ ಪಿನ್. ಬೆರಳಿನಲ್ಲಿ ಒತ್ತಿ ನೋಡಿದಾಗ ಒಳಗೆ ಏನೂ ಅಲುಗಬಾರದು. ಅಲುಗುವ ಕಣದ ಸುತ್ತ ಮೂಳೆ ಬೆಳೆಯುವುದಿಲ್ಲ, ನಾರು ಬೆಳೆಯುತ್ತದೆ.

ಈಗ ಒಸಡು ಮುಚ್ಚಬೇಕು. ಒಳಗೆ 4 ಮಿ.ಮೀ. ಉಬ್ಬಿದೆ, ಮೊದಲಿನ ಒಸಡು ಸಾಲದು. ಒಸಡಿನ ಪದರದ ಒಳಮೈಯಲ್ಲಿರುವ, ಮೂಳೆಗೆ ಅಂಟಿಕೊಂಡಿದ್ದ ಪೆರಿಯಾಸ್ಟಿಯಂ ಹೊದಿಕೆಯನ್ನು ಹೊಸ ಬ್ಲೇಡಿನಲ್ಲಿ ಅಡ್ಡಕ್ಕೆ ಒಂದೇ ಗೀರಾಗಿ, 1 ಮಿ.ಮೀ. ಆಳ ಮೀರದಂತೆ ಕತ್ತರಿಸಿದರೆ ಪದರ ಕೆಳಕ್ಕೆ ಎಳೆಯಲು ಬರುತ್ತದೆ. ಎಳೆದಾಗ ಅಂಗುಳದ ಅಂಚನ್ನು ದಾಟಿ 6–8 ಮಿ.ಮೀ. ಮೇಲೆ ಕೂರಬೇಕು. ಅಂಚಿಗೆ ಅಂಚು ಮುಟ್ಟಿದರೆ ಸಾಲದು. ಹಾಳೆಯ ಮೇಲೆ ಎರಡು ಪದರ ಪಿ.ಆರ್.ಎಫ್., ಅಂಚಿನಿಂದ 5 ಮಿ.ಮೀ. ದೂರದಲ್ಲಿ ಅಡ್ಡ ಮ್ಯಾಟ್ರೆಸ್ ಹೊಲಿಗೆ, ಅಂಚಿನಲ್ಲಿ 5-0 ಅಳತೆಯ ತೆಳು ದಾರದ ಬಿಡಿ ಹೊಲಿಗೆಗಳು.

ಮಾಯುವ ಆರು ತಿಂಗಳು

ಹಳೆಯ ಅಕ್ರಿಲಿಕ್ ಹಲ್ಲನ್ನು ವಾಪಸು ಕೊಡಲಿಲ್ಲ. ಇಂಥ ಮೂಳೆ ಕಸಿ ನಮ್ಮಲ್ಲಿ ಸೋಲುವ ಅತಿ ಸಾಮಾನ್ಯ ದಾರಿ ಇದೇ: ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿರುತ್ತದೆ, ಮುಖ ಚೆನ್ನಾಗಿ ಕಾಣಲೆಂದು ಹಳೆಯ ಸೆಟ್ಟನ್ನು ಮರುದಿನವೇ ಹಾಕಿಸಿರುತ್ತಾರೆ, ಪ್ರತಿ ತುತ್ತಿಗೂ ಅದು ಕಸಿಯನ್ನು ಕುಟ್ಟುತ್ತದೆ. ಬದಲಿಗೆ ಎರಡು ರೆಡಿಮೇಡ್ ಹಲ್ಲುಗಳನ್ನು ಗಾಜಿನೆಳೆಯ ಪಟ್ಟಿಯಿಂದ ಪಕ್ಕದ ಹಲ್ಲುಗಳ ಹಿಂಬದಿಗೆ ಅಂಟಿಸಲಾಯಿತು, ಊತಕ್ಕೆ ಜಾಗವಿರಲೆಂದು ಒಸಡಿನಿಂದ 2 ಮಿ.ಮೀ. ಎತ್ತರಿಸಿ.

ಮೂರನೇ ದಿನಕ್ಕೆ ಊತ ಗರಿಷ್ಠ, ಕಣ್ಣಿನ ಕೆಳಗೆ ನೀಲಿ. ವಾರದಲ್ಲಿ ಇಳಿಯಿತು. ಅನ್ನ-ಸಾರು ಮೆತ್ತಗೆ ಕಲಸಿ, ಇಡ್ಲಿ, ಗಂಜಿ. ಮುಂದಿನ ಹಲ್ಲಿನಿಂದ ಕಚ್ಚುವುದು ಬೇಡ. 14ನೇ ದಿನ ಹೊಲಿಗೆ ಬಿಚ್ಚಲಾಯಿತು.

ಮೂರನೇ ವಾರದ ಕೊನೆಗೆ ತೊಡಕು. 21ರ ನೆತ್ತಿಯಲ್ಲಿ ಅನ್ನದ ಅಗುಳಿನಂತೆ ಬಿಳಿ ಚುಕ್ಕೆ, ನೋವಿಲ್ಲ, ಕೀವಿಲ್ಲ. ಹಾಳೆಯ ಮಡಚಿದ ಅಂಚು 2 ಮಿ.ಮೀ. ಹೊರಗೆ ಇಣುಕಿತ್ತು. ಕಾರಣ ಹುಡುಕಿದರೆ ಎರಡು: ಆ ಜಾಗದ ಒಸಡು 1 ಮಿ.ಮೀ. ದಪ್ಪವಷ್ಟೇ ಇತ್ತು. ಮೇಲ್ದುಟಿಯ ನಡುವಿನ ಪಟ್ಟಿ, ಅಂದರೆ ಫ್ರೀನಂ, ಕೆಳಗಿನವರೆಗೆ ಇಳಿದಿದ್ದು ಪ್ರತಿ ಮಾತಿಗೂ ಹೊಲಿಗೆ ಗೀರನ್ನು ಎಳೆಯುತ್ತಿತ್ತು. ದಿನಕ್ಕೆ ಐದಾರು ಪಿರಿಯಡ್ ಪಾಠ ಮಾಡುವವರಲ್ಲಿ ಆ ಎಳೆತ ಕಡಿಮೆಯದಲ್ಲ. ಇಂಥವರಲ್ಲಿ ಫ್ರೀನಮನ್ನು ಕಸಿಗೆ ಆರು ವಾರ ಮೊದಲೇ ಬಿಡಿಸುವುದು ಒಳ್ಳೆಯದು. ಕಸಿಯಾದ ಮೇಲೆ ಎರಡು ವಾರ ರಜೆ ಬರೆದುಕೊಡುವುದೂ ಚಿಕಿತ್ಸೆಯ ಭಾಗವೇ.

ಈ ಹಂತದಲ್ಲಿ ಮತ್ತೆ ಹೊಲಿಯಲು ಹೋಗಬಾರದು. ಊದಿದ, ಹೊಸದಾಗಿ ಮಾಯುತ್ತಿರುವ ಒಸಡು ದಾರಕ್ಕೆ ಹರಿದು 2 ಮಿ.ಮೀ. ಇದ್ದದ್ದು 6 ಆಗುತ್ತದೆ. ಹೊರಗೆ ಚಾಚಿದ 1 ಮಿ.ಮೀ. ಅಂಚನ್ನು ಸಣ್ಣ ಕತ್ತರಿಯಲ್ಲಿ ಕತ್ತರಿಸಿ, ದಿನಕ್ಕೆರಡು ಸಲ ಕ್ಲೋರ್‌ಹೆಕ್ಸಿಡಿನ್ ಜೆಲ್ಲನ್ನು ಹತ್ತಿಕಡ್ಡಿಯಿಂದ ಸವರಲು ಹೇಳಿ ವಾರಕ್ಕೊಮ್ಮೆ ನೋಡಲಾಯಿತು. ನಾಲ್ಕು ವಾರದಲ್ಲಿ ಒಸಡು ಮುಚ್ಚಿಕೊಂಡಿತು. ಕೀವು ಬಂದಿದ್ದರೆ, ಅಥವಾ ಕಣಗಳು ಉದುರತೊಡಗಿದ್ದರೆ ಕಥೆ ಬೇರೆ: ಹಾಳೆ ಪೂರ್ತಿ ತೆಗೆದು, ಸಡಿಲ ಕಣ ತೊಳೆದು, ಉಳಿದದ್ದನ್ನು ಉಳಿಸಿಕೊಳ್ಳಬೇಕು.

ಮೂರನೇ ತಿಂಗಳ ಸುಮಾರಿಗೆ ಕೆಲವರಲ್ಲಿ ಜ್ವರ, ಕೀವು ಇಲ್ಲದ ಮೆದು ಊತ ಕಾಣಿಸಬಹುದು. ಹಾಳೆ ಒಡೆದು ಲ್ಯಾಕ್ಟಿಕ್ ಆಮ್ಲ ಹೊರಬರುವ ಹೊತ್ತು ಅದು. ಒತ್ತಿದರೆ ನೋವಿಲ್ಲ, ಬಿಸಿಯಿಲ್ಲ ಎಂದಾದರೆ ಆಂಟಿಬಯಾಟಿಕ್ ಬೇಕಿಲ್ಲ. ಇವರಿಗೆ ಅದು ಬರಲಿಲ್ಲ.

ಆರನೇ ತಿಂಗಳ ಸ್ಕ್ಯಾನ್: 21ರಲ್ಲಿ ತುದಿಯಲ್ಲಿ 5.9 ಮಿ.ಮೀ., 3 ಮಿ.ಮೀ. ಮೇಲೆ 7.2, 6 ಮಿ.ಮೀ. ಮೇಲೆ 7.9. 22ರಲ್ಲಿ 5.7, 6.4, 7.0. ಇಣುಕಿದ ಜಾಗದಲ್ಲೇ ತುದಿ ಸೊರಗಿರುವುದು ಅಂಕಿಯಲ್ಲೇ ಕಾಣುತ್ತದೆ. ಒಸಡು ಬಿಡಿಸಿದಾಗ ಹಾಳೆಯ ಉಳಿಕೆ ಒದ್ದೆ ಕಾಗದದಂತೆ ಚಿಂದಿಯಾಗಿತ್ತು, ಚಿಮಟದಲ್ಲಿ ಬಂದಷ್ಟು ತೆಗೆಯಲಾಯಿತು. ಪಿನ್ನುಗಳು ಮೂಳೆಯೊಳಗೆ ಮಸುಕು ಗಾಜಿನ ಚುಕ್ಕೆಗಳಾಗಿ ಉಳಿದಿದ್ದವು. ಅವನ್ನು ಕೀಳುವ ಗೋಜಿಗೆ ಹೋಗಬಾರದು. ಕೃತಕ ಕಣಗಳು ಮೂಳೆಯಲ್ಲಿ ಹುದುಗಿ ಕೂತಿದ್ದವು, ತುದಿಯಿಂದ ಕೆದಕಿದರೆ ಉದುರಲಿಲ್ಲ. ಡ್ರಿಲ್ ತಾಗಿದ ಕೂಡಲೇ ರಕ್ತ ಬಂತು. ಮೂಳೆಗೆ ಜೀವವಿದೆಯೆನ್ನಲು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಇದಕ್ಕಿಂತ ನೇರವಾದ ಗುರುತಿಲ್ಲ.

ಕಸಿ ಮೂಳೆ ಮೂಲ ಮೂಳೆಗಿಂತ ಮೆತ್ತಗೆ. ಹಾಗಾಗಿ ಕೊನೆಯ ಡ್ರಿಲ್ಲನ್ನು ಬಿಟ್ಟು, 3.75 × 11.5 ಮಿ.ಮೀ. ಇಂಪ್ಲಾಂಟನ್ನು ಅಂಗುಳದ ಕಡೆಗೆ ಒತ್ತಿ ಇಳಿಸಲಾಯಿತು. ಬಿಗಿ 30 ನ್ಯೂಟನ್ ಸೆಂ.ಮೀ. ಮುಂದೆ ಕೂರಿಸಲಿರುವ ಹಲ್ಲಿನ ಒಸಡಿನಂಚಿನಿಂದ ಇಂಪ್ಲಾಂಟಿನ ತಲೆ 3.5 ಮಿ.ಮೀ. ಒಳಗೆ. ಸೊರಗಿದ ತುದಿಯ ಮೇಲೆ ಅಂಗುಳದಿಂದ ತೆಗೆದ 1.5 ಮಿ.ಮೀ. ದಪ್ಪದ ಸಂಯೋಜಕ ಅಂಗಾಂಶ ಇಟ್ಟು ಹೊಲಿಯಲಾಯಿತು. ಹೀಗೆ ಒಸಡು ದಪ್ಪವಾದರೆ ಮುಂದೆ ಟೈಟಾನಿಯಂನ ಬೂದು ಬಣ್ಣ ಹೊರಗೆ ಕಾಣುವುದಿಲ್ಲ.

ನಾಲ್ಕು ತಿಂಗಳ ನಂತರ ಇಂಪ್ಲಾಂಟ್ ತೆರೆದು, ಸ್ಕ್ರೂವಿನಿಂದ ಕೂರಿಸುವ ಎರಡು ಹಲ್ಲಿನ ತಾತ್ಕಾಲಿಕ ಸೇತುವೆ. ಒಸಡಿಗೆ ಆಕಾರ ಬರಲು ಅದಕ್ಕೆ ಮೂರು ತಿಂಗಳು ಬಿಟ್ಟು, ಕೊನೆಗೆ ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯ ಕಾಯಂ ಹಲ್ಲುಗಳು. ಹೊರಚಾಚಿದ 22ನೇ ಹಲ್ಲು ಕೆಳಗಿನ ಹಲ್ಲಿಗೆ ಯಾವ ಚಲನೆಯಲ್ಲೂ ತಾಗಬಾರದು. ಕಚ್ಚುವ ಕಾಗದ ಇಟ್ಟು ದವಡೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಸರಿಸಿ ನೋಡಿದಾಗ ಅದರ ಮೇಲೆ ಗುರುತು ಬಿದ್ದರೆ ಅಲ್ಲೇ ಉಜ್ಜಿ ಇಳಿಸಬೇಕು, ಇಲ್ಲದಿದ್ದರೆ ಒಂದಲ್ಲ ಒಂದು ದಿನ ಒಳಗಿನ ಸ್ಕ್ರೂ ಸಡಿಲವಾಗುತ್ತದೆ. ಆ ಹಲ್ಲಿನ ಅಡಿಯಲ್ಲಿ ದಪ್ಪ ಫ್ಲಾಸ್ ಎಳೆದು ದಿನಾ ಶುಚಿ ಮಾಡುವುದನ್ನು ಕನ್ನಡಿ ಹಿಡಿದು ಮಾಡಿಸಿ ತೋರಿಸಲಾಯಿತು. ಮೊದಲ ವರ್ಷ ಆರು ತಿಂಗಳಿಗೊಮ್ಮೆ ತಪಾಸಣೆ, ವರ್ಷ ತುಂಬಿದಾಗ ಎಕ್ಸ್‌ರೇ. ಆ ಎಕ್ಸ್‌ರೇಯಲ್ಲಿ ಪಿನ್ನುಗಳಿದ್ದ ಜಾಗ ಇನ್ನೂ ಕಪ್ಪು ಚುಕ್ಕೆಗಳಾಗಿ ಕಾಣಬಹುದು. ಅದನ್ನು ಕೀವುಗೂಡೆಂದು ತಪ್ಪು ತಿಳಿದು ಯಾರೂ ಕೊರೆಯಲು ಹೋಗದಂತೆ ಪಿನ್ನಿನ ಜಾಗ ಗುರುತಿಸಿದ ಶಸ್ತ್ರಚಿಕಿತ್ಸೆಯ ಚೀಟಿಯ ಒಂದು ಪ್ರತಿ ರೋಗಿಯ ಕೈಯಲ್ಲೇ ಇರಬೇಕು.